ಬೆನ್ನು ತಿರುಗಿಸಿದ ತುಕಡಿ

ಧೂಳು ಒರೆಸುವಾಗ ನನಗೊಂದು ದುರಭ್ಯಾಸ. ಒರೆಸಿದ ವಸ್ತುವನ್ನು ಅದು ಇದ್ದ ಹಾಗೆ ಇಡುವುದಿಲ್ಲ; ಇರಬೇಕಾದ ಹಾಗೆ ಇಡುತ್ತೇನೆ. ಗೋಡೆಯ ಫೋಟೋ ಒಂದಿಷ್ಟು ಓರೆಯಾಗಿದ್ದರೆ ನೆಟ್ಟಗೆ ಮಾಡುತ್ತೇನೆ, ಪುಸ್ತಕಗಳನ್ನು ಎತ್ತರ ನೋಡಿ ನಿಲ್ಲಿಸುತ್ತೇನೆ, ದೇವರ ಮನೆಯ ದೀಪಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿರಬೇಕು. ಇಷ್ಟು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ್ದರ ಫಲ ಇರಬೇಕು. ನಮ್ಮ ಪರೀಕ್ಷೆಯ ಇತಿಹಾಸವೆಂದರೆ ಒರೆಸಿ ಒರೆಸಿ, ಕಾರಣಗಳು ಐದು, ಪರಿಣಾಮಗಳು ಐದು ಎಂದು ಸಾಲಾಗಿ ಜೋಡಿಸಿಟ್ಟದ್ದೇ ತಾನೆ? ಈ ಚಟದಿಂದಾಗಿ ಹೋದ ತಿಂಗಳು ನಾನು ಚಳ್ಳಕೆರೆಯ ನಮ್ಮ ಮನೆಯ ಮಹಡಿಯ ಮೇಲೆ ಸತ್ತವನೊಬ್ಬನನ್ನು ಎಬ್ಬಿಸಿ ಕುದುರೆಯ ಸಮೇತ ನಿಲ್ಲಿಸಿಬಿಟ್ಟೆ. ಓಡಿಹೋಗುತ್ತಿದ್ದ ಒಂದು ತುಕಡಿಯನ್ನು ಯುದ್ಧಕ್ಕೆ ತಿರುಗಿಸಿದೆ. ಎರಡೂ ತಪ್ಪು ಎಂದು ಆಮೇಲೆ ಗೊತ್ತಾಯಿತು.

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ನಮ್ಮನೆಯವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಊರಿಗೆಲ್ಲ ಮೇಷ್ಟ್ರು, ನನಗೂ ಮೇಷ್ಟ್ರೇ; ಹೆಸರು ಹಿಡಿದು ಕರೆಯುವ ಧೈರ್ಯ ಮದುವೆಯಾದ ಹೊಸದರಲ್ಲಿ ಬರಲಿಲ್ಲ, ಆಮೇಲೆ ಅಗತ್ಯ ಬೀಳಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಡೀಸೆಲ್ ಇಂಜಿನ್ ರಿಪೇರಿ ಮಾಡುವ ಗೌಸ್ ಅವರ ಜೀವದ ಗೆಳೆಯ. ಈ ಗೌಸ್ ಒಂದು ದಿನ ಮೊಬೈಲ್ ಹಿಡಿದು ಓಡಿಬಂದ. ಯಾವುದೋ ಪರದೇಶದಲ್ಲಿ ತಲೆ ನೆರೆತ ಗಂಡಸರು ಮೇಜಿನ ಸುತ್ತ ನಿಂತು, ಬೆರಳುದ್ದದ ಸೈನಿಕರನ್ನು ಸರಿಸುತ್ತ, ದಾಳ ಎಸೆಯುತ್ತ, ನೆಪೋಲಿಯನ್ ಕಾಲದ ಯುದ್ಧವನ್ನು ಮತ್ತೆ ಆಡುತ್ತಿದ್ದರು. ನಾನು ನೋಡಿ ನಕ್ಕೆ. ಮೇಷ್ಟ್ರು ನಗಲಿಲ್ಲ. ಅಲ್ಲಿಗೆ ಮಹಡಿಯ ಕೋಣೆ ನನ್ನ ಕೈಬಿಟ್ಟಿತು.

ಗೌಸ್ ಚಕ್ರದ ತೂಕ ಸರಿಮಾಡುವ ಸೀಸದ ಬಿಲ್ಲೆಗಳನ್ನು ಕರಗಿಸಿ ಅಚ್ಚಿಗೆ ಹೊಯ್ದು ಸೈನಿಕರನ್ನು ಮಾಡಿದ. ಮೇಷ್ಟ್ರು ಅವರಿಗೆ ಬಣ್ಣ ಹಚ್ಚಿದರು. ಬಾವುಟಗಳು ಬಂದದ್ದು ಮೊಳಕಾಲ್ಮೂರಿನಿಂದ. ಅಲ್ಲಿ ರೇಷ್ಮೆ ಸೀರೆ ನೇಯುವ ಓಬಯ್ಯನಿಗೆ ಮೇಷ್ಟ್ರು ಅಂಚಿನ ಚಿತ್ತಾರ ಬರೆದುಕೊಡುತ್ತಿದ್ದರು; ಅವನು ಮಗ್ಗದಲ್ಲಿ ಉಳಿದ ತುಂಡುಗಳನ್ನು ತಂದುಕೊಟ್ಟ, ಕೊಟ್ಟವನು ತಾನೂ ಆಟಕ್ಕೆ ಕೂತ. ಮೊಳಕಾಲ್ಮೂರಿನ ರೇಷ್ಮೆ ಹಿಡಿದ ಫ್ರೆಂಚ್ ಸೈನ್ಯ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರದು. ಮೇಜಿನ ಮೇಲಿನ ಗುಡ್ಡಕ್ಕೆ ಹುಲ್ಲು ಬೇಕಲ್ಲ? ಅದಕ್ಕೆ ಮೇಷ್ಟ್ರು ಕುದಾಪುರದ ಕಾವಲಿನ ಕಡೆ ಸೈಕಲ್ ಮೇಲೆ ಹೋಗಿ ಬೇಲಿಯಾಚೆಯ ಒಣಹುಲ್ಲು ಕಿತ್ತು ತರುತ್ತಿದ್ದರು. ಕುರಿ ಕಾಯುವ ಮುದುಕನೊಬ್ಬ, “ಏನ್ ಮೇಷ್ಟ್ರೆ, ಮೇಕೆ ಸಾಕಿದ್ದೀರಾ?” ಎಂದು ಕೇಳಿದನಂತೆ. “ಇಲ್ಲಪ್ಪ, ಯುದ್ಧ ಐತೆ” ಎಂದರಂತೆ ಇವರು. ಆ ಮುದುಕ ಆಮೇಲೆ ಮೇಷ್ಟ್ರನ್ನು ಕಂಡಾಗಲೆಲ್ಲ ಕುರಿಗಳನ್ನು ಪಕ್ಕಕ್ಕೆ ಹೊಡೆದುಕೊಳ್ಳುತ್ತಿದ್ದ.

ಪ್ರತಿ ಭಾನುವಾರ ಮೂವರೂ ಸೇರುತ್ತಿದ್ದರು; ಮೇಷ್ಟ್ರು, ಓಬಯ್ಯ ನೆಪೋಲಿಯನ್ನನ ಕಡೆ, ಗೌಸ್ ಎದುರು ಕಡೆ. ನಾನು ಒಂದು ಪಿರಿಯಡ್ಡಿನಲ್ಲಿ ಮುಗಿಸುವ ಯುದ್ಧವನ್ನು ಇವರು ದೀಪಾವಳಿಗೆ ಶುರು ಮಾಡಿದರೆ ಯುಗಾದಿಯಾದರೂ ಮುಗಿಯುತ್ತಿರಲಿಲ್ಲ. ನಾನು ಕೆಳಗೆ ಮುದ್ದೆ ತೊಳಸುತ್ತ, ಮೇಲಿನ ಜಗಳ ಕೇಳುತ್ತ, ನಾಲ್ಕು ಜನಕ್ಕೆ ಅಡುಗೆ ಮಾಡುತ್ತಿದ್ದೆ. ಗೊಣಗುತ್ತಿದ್ದೆ ಕೂಡ. ಈಗ ಅನ್ನಿಸುತ್ತದೆ, ಆ ಗೊಣಗಾಟದಷ್ಟು ಸುಖ ನನಗೆ ಇನ್ಯಾವುದರಲ್ಲೂ ಇರಲಿಲ್ಲ.

ಈ ಆಟದ ಒಂದು ವಿಷಯವನ್ನು ಮಾತ್ರ ಮೇಷ್ಟ್ರು ನನಗೆ ಬಿಡದೆ ಹೇಳುತ್ತಿದ್ದರು. ನಾನು ಅವರೆಕಾಯಿ ಬಿಡಿಸುತ್ತ ಕೂತರೆ ಸಾಕು, ಎದುರಿಗೆ ಬಂದು ಕೂರುವರು. “ಈ ಆಟದಾಗೆ ಸಾಯೋರು ಕಮ್ಮಿ ಕಣೇ. ಎದೆ ಒಡ್ಕಂಡು ಓಡೋರೇ ಜಾಸ್ತಿ.” ಪೆಟ್ಟು ಹೆಚ್ಚಾದರೆ ತುಕಡಿ ಕೆಟ್ಟು ಹಿಂದಕ್ಕೆ ಓಡುತ್ತದೆ, ಅದನ್ನು ತೋರಿಸಲು ಸೈನಿಕರನ್ನೆಲ್ಲ ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹಾಗೆ ಓಡಿದ ತುಕಡಿ ತಾನಾಗಿಯೇ ಸುಧಾರಿಸಿಕೊಳ್ಳುವುದಿಲ್ಲ. ಅದರ ದಳವಾಯಿ ಕುದುರೆ ಓಡಿಸಿಕೊಂಡು ಬಂದು ಅದಕ್ಕೆ ತಾಗಿ ನಿಲ್ಲಬೇಕು. ಆಮೇಲೆ ದಾಳ ಎಸೆಯಬೇಕು. ಐದಾದರೂ ಬಿದ್ದರೆ ತುಕಡಿ ತಿರುಗಿ ನಿಲ್ಲುತ್ತದೆ. ದಳವಾಯಿ ಜೊತೆಗಿದ್ದುದಕ್ಕೆ ದಾಳಕ್ಕೆ ಒಂದು ಅಂಕ ಹೆಚ್ಚು. ಆದರೆ ಅವನು ಅಲ್ಲಿ ನಿಂತಿರುವಷ್ಟು ಹೊತ್ತು ಅವನ ಬೇರೆ ತುಕಡಿಗಳಿಗೆ ಅಪ್ಪಣೆ ಕೊಡುವವರಿಲ್ಲ. ಅವು ಸುಮ್ಮನೆ ಬಿಸಿಲು ಕಾಯಬೇಕು.

“ಅಲ್ಲ, ಪಕ್ಕದ ದಳದ ದಳವಾಯಿ ಅಲ್ಲೇ ನಿಂತಿರ್ತಾನಲ್ಲ, ಅವನು ಒಂದು ಮಾತು ಹೇಳಿದ್ರೆ ಏನಂತೆ? ಬಾಯಿಲ್ವಾ ಅವನಿಗೆ?” ಎಂದು ನಾನು.

“ಅವನಿಗೆ ಬಾಯಿ ಐತೆ. ಓಡೋರಿಗೆ ಅವನ ಮಾತು ಕೇಳ್ಸಲ್ಲ” ಎಂದು ಅವರು. “ತಮ್ಮೋನು ಅಂದ್ರೆ ತಮ್ಮೋನೇ. ಇಲ್ಲ ಅಂದ್ರೆ ಎಲ್ಲಾರ ಮೇಲಿರೋ ಸೇನಾಪತಿ ಬರ್ಬೇಕು. ಅವನು ಬಂದ್ರೆ ಎರಡು ಅಂಕ ಹೆಚ್ಚು. ಆದ್ರೆ ಅವನು ಜಾಗ ಬಿಟ್ಟು ಬಂದ್ರೆ ಇಡೀ ಸೈನ್ಯಕ್ಕೆ ದಿಕ್ಕಿರಲ್ಲ, ಗೊತ್ತಾಯ್ತಾ?”

ನನಗೆ ಗೊತ್ತಾಗದೆ ಏನು? ಸರ್ಕಾರಿ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಯಾರ ಮಾತು ಯಾರಿಗೆ ಕೇಳುತ್ತದೆ ಎಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಮೇಲಿನಿಂದ ಸುತ್ತೋಲೆ ಬರುತ್ತದೆ. ಪ್ರಿನ್ಸಿಪಾಲರು ಅದಕ್ಕೆ ಸಹಿ ಹಾಕಿ ನಮ್ಮತ್ತ ತಳ್ಳುತ್ತಾರೆ. ನಾವು ಸಹಿ ಹಾಕಿ ಜವಾನನತ್ತ ತಳ್ಳುತ್ತೇವೆ. ಅವನು ಅದನ್ನು ಬೋರ್ಡಿಗೆ ಚುಚ್ಚಿ ಟೀ ಕುಡಿಯಲು ಹೋಗುತ್ತಾನೆ. ಯಾರೂ ಯಾರ ಪಕ್ಕದಲ್ಲೂ ನಿಲ್ಲುವುದಿಲ್ಲ. ಹಾಗೆಂದು ಈ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಪ್ರತಿವರ್ಷ ಮಕ್ಕಳನ್ನು ಸಿದ್ದಾಪುರದ ಬೆಟ್ಟದ ಸಾಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಯುದ್ಧ ಮಾಡಿ ಮನಸ್ಸು ಮುರಿದುಕೊಂಡ ಚಕ್ರವರ್ತಿಯ ಮಾತು ಬಂಡೆಯ ಮೇಲಿದೆ. ಆ ಮಾತು ನೇರವಾಗಿ ಬಂದದ್ದಲ್ಲ. ದೂರದ ಪಟ್ಟಣದಲ್ಲಿದ್ದ ರಾಜಕುಮಾರ ಮತ್ತು ಅವನ ಅಧಿಕಾರಿಗಳ ಮೂಲಕ ಇಲ್ಲಿಯ ಅಧಿಕಾರಿಗಳಿಗೆ ಇಳಿದು ಬಂದದ್ದು. ಒಮ್ಮೆ ಮೇಷ್ಟ್ರೂ ಜೊತೆಗೆ ಬಂದಿದ್ದರು. ಆಜ್ಞೆ ಶುರುವಾಗುವ ಮೊದಲು ಇಲ್ಲಿಯವರ ಆರೋಗ್ಯ ವಿಚಾರಿಸಿದ್ದಾರೆ ಎಂದು ನಾನು ಮಕ್ಕಳಿಗೆ ಹೇಳಿದ್ದೇ ತಡ, ಇವರು ಬಿಸಿಲಲ್ಲಿ ಕುಣಿದಾಡಿಬಿಟ್ಟರು. “ನೋಡಿದ್ಯೇನೇ! ಮೊದ್ಲು ಹೆಂಗಿದ್ದೀರಾ ಅಂತ ಕೇಳ್ಯಾನೆ, ಆಮೇಲೆ ಕೆಲ್ಸ ಹೇಳ್ಯಾನೆ. ಇದು ದಳವಾಯಿತನ ಅಂದ್ರೆ. ನಿಮ್ಮ ಪ್ರಿನ್ಸಿಪಾಲ್ರಿಗೆ ಒಂದ್ಸಲ ತೋರ್ಸು.” ಮಕ್ಕಳೆಲ್ಲ ನಕ್ಕರು. ನಾನು ಕಣ್ಣು ಬಿಟ್ಟೆ. ಆ ದಿನದ ಬಿಸಿಲು ಈಗಲೂ ನನ್ನ ಕಣ್ಣಲ್ಲಿದೆ.

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ ಶೂ ಕಟ್ಟಿಕೊಳ್ಳಲು ಕೂತ ಮೇಷ್ಟ್ರು ಏಳಲಿಲ್ಲ. ಎದೆಯ ರಕ್ತನಾಳ ಕಟ್ಟಿತ್ತು ಎಂದರು ಡಾಕ್ಟರು. ಅಷ್ಟೇ. ಇದರ ಬಗ್ಗೆ ಹೆಚ್ಚು ಬರೆಯುವ ಶಕ್ತಿ ನನಗಿಲ್ಲ. ಕಾರಣ ಒಂದೇ, ಪರಿಣಾಮ ಮಾತ್ರ ಐದಕ್ಕೆ ನಿಲ್ಲಲಿಲ್ಲ.

ಜನ ಬಂದರು. ಒಳ್ಳೆಯ ಜನ, ನಿಜವಾಗಿ ನೊಂದ ಜನ. ಎಲ್ಲರೂ “ಧೈರ್ಯ ತಗೊಳ್ರಿ” ಎಂದರು, ಧೈರ್ಯವನ್ನು ನಾನೇ ಯಾವುದೋ ಗೂಡಿನಲ್ಲಿ ಇಟ್ಟು ಮರೆತಿದ್ದೇನೆ ಎಂಬಂತೆ. ಪ್ರಿನ್ಸಿಪಾಲರು, “ಬೇಗ ಡ್ಯೂಟಿಗೆ ಬಂದುಬಿಡಿ ಮೇಡಂ, ಕೆಲಸದಲ್ಲಿ ಮರೆಯುತ್ತೆ” ಎಂದರು. ಮೈದುನ ದಾವಣಗೆರೆಯಿಂದ ದಿನಾ ಫೋನು ಮಾಡಿ ವಾಕಿಂಗ್ ಹೋಗಲು ಹೇಳಿದ. ಸಹೋದ್ಯೋಗಿಯೊಬ್ಬಳು ಬೆಳಗಾದರೆ ಸೂರ್ಯೋದಯದ ಚಿತ್ರದ ಮೇಲೆ ನೀತಿವಾಕ್ಯ ಬರೆದು ಕಳಿಸುತ್ತಿದ್ದಳು. ಎಲ್ಲ ಪಕ್ಕದ ದಳದ ದಳವಾಯಿಗಳು. ಅವರ ದನಿ ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ನನಗೇ ಹೇಳುತ್ತಿದ್ದಾರೆ ಎಂದು ಮಾತ್ರ ಅನ್ನಿಸುತ್ತಿರಲಿಲ್ಲ. ಕಾಲೇಜಿಗೆ ಹೋದೆ. ಬೋರ್ಡಿನ ಮೇಲೆ ‘ಪರಿಣಾಮಗಳು’ ಎಂದು ಬರೆದು, ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತೆ. ಮುಂದೇನು ಎಂದು ಹೊಳೆಯಲೇ ಇಲ್ಲ. ನೂರು ಸಲ ಬರೆಸಿದ ಪಾಠ. ಹುಡುಗಿಯರು ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದರು. ಪಾಪ, ನನ್ನ ಬೆನ್ನನ್ನು ನೋಡಬಾರದು ಎಂದು.

ಗೌಸ್ ಮತ್ತು ಓಬಯ್ಯ ಮಾತ್ರ ಧೈರ್ಯ ತಗೊಳ್ಳಿ ಎನ್ನಲಿಲ್ಲ. ಅವರು ಎಂದಿನಂತೆ ಭಾನುವಾರ ಬಂದರು. ಮಹಡಿ ಹತ್ತಲಿಲ್ಲ. ಗೌಸ್ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಮೆಟ್ಟಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಓಬಯ್ಯ ಕಿಟಕಿಯ ಹತ್ತಿರ.

“ಊಟ ಆಯ್ತಾ ಭಾಭಿ?” ಎಂದು ಗೌಸ್ ಕೇಳುವನು.

“ಆಯ್ತು” ಎನ್ನುವೆ.

ಆಗಿರುತ್ತಿರಲಿಲ್ಲ. ಒಬ್ಬಳಿಗೆ ಒಲೆ ಹಚ್ಚುವುದು ನನ್ನಿಂದ ಆಗುತ್ತಿರಲಿಲ್ಲ; ಬಿಸ್ಕತ್ತು, ಬಾಳೆಹಣ್ಣು, ಕಾಲೇಜಿನ ಕ್ಯಾಂಟೀನಿನ ಅರ್ಧ ಇಡ್ಲಿ, ಇಷ್ಟರಲ್ಲೇ ದಿನ ದೂಡುತ್ತಿದ್ದೆ. ಸೀರೆಯ ನೆರಿಗೆ ನಿಲ್ಲದಷ್ಟು ಇಳಿದುಹೋಗಿದ್ದೆ. ಅವರು ಟೀ ಕುಡಿದು, ಊರಿನ ಮಳೆ ಬಿಸಿಲು ಮಾತಾಡಿ, ಎದ್ದು ಹೋಗುವರು. ಓಬಯ್ಯನ ಮೊಬೈಲು ಮಧ್ಯೆ ಮಧ್ಯೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ಕಾಲ, ಸೀರೆ ಮಗ್ಗದ ಮೇಲಿದೆ, ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ. “ವಸ್ತಾನೇ, ವಸ್ತಾ” ಎಂದು, ಇಗೋ ಬಂದೆ ಅಂತ, ಅವಳನ್ನು ತೆಲುಗಿನಲ್ಲಿ ಸಮಾಧಾನ ಮಾಡಿ ಮತ್ತೆ ಸುಮ್ಮನೆ ಕೂರುವನು. ಯಾಕಪ್ಪಾ ಅಷ್ಟು ದೂರದಿಂದ ಬಸ್ಸು ಹತ್ತಿ ಬಂದು ನನ್ನ ನೀರು ಟೀ ಕುಡಿಯುತ್ತಾನೆ ಎಂದು ನನಗೆ ಸಿಟ್ಟೂ ಬರುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಮೇಲೆ ಯುದ್ಧ ಮುಗಿಯದೆ ಹಾಗೇ ಇತ್ತು. ರಾತ್ರಿ ಕೆಳಗೆ ಮಲಗಿದರೆ ಸೂರಿನ ಮೇಲೆ ಅದು ಇದೆ ಎನ್ನುವುದೇ ಎದೆಯ ಮೇಲೆ ಕೂತಂತಾಗುತ್ತಿತ್ತು. ಅದು ಅಲ್ಲಿ ಇರುವತನಕ ನಾನು ಬದುಕಲಾರೆ ಅನ್ನಿಸಿತು. ಅದು ಹೋದರೆ ಬದುಕುತ್ತೇನೆಯೇ ಎಂಬುದೂ ಗೊತ್ತಿರಲಿಲ್ಲ. ಕೊನೆಗೊಂದು ಭಾನುವಾರ ಇಬ್ಬರಿಗೂ ಹೇಳಿಬಿಟ್ಟೆ: ಮುಂದಿನ ವಾರ ಬಂದು ನಿಮ್ಮ ಸೈನ್ಯ ನೀವು ತೆಗೆದುಕೊಂಡು ಹೋಗಿ, ಮೇಜನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಗೌಸ್ “ಜೀ ಭಾಭಿ” ಎಂದ. ಓಬಯ್ಯ ಚಪ್ಪಲಿ ಮೆಟ್ಟಿದ.

ಕೊಡುವ ವಸ್ತುವನ್ನು ಧೂಳಿನ ಸಮೇತ ಕೊಡಲಾದೀತೆ? ಮರುದಿನ ಮೆತ್ತನೆಯ ಬಟ್ಟೆ ಹಿಡಿದು ಅವರು ಹೋದ ಮೇಲೆ ಮೊದಲ ಸಲ ಮಹಡಿ ಹತ್ತಿದೆ. ಬಣ್ಣದ ವಾಸನೆ ಇನ್ನೂ ಇತ್ತು. ಅಳು ಬಂತು, ಅತ್ತೆ, ಆಮೇಲೆ ಒರೆಸಿದೆ. ಒಂದೊಂದೇ ಸೈನಿಕನನ್ನು ಎತ್ತಿ ಒರೆಸಿ ಇಟ್ಟೆ. ಎಡಗಡೆ ಒಂದು ತುಕಡಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಅದರ ಪಕ್ಕ ಬಿಳಿ ಕುದುರೆಯ ಸವಾರನೊಬ್ಬ ಅಡ್ಡಬಿದ್ದಿದ್ದ. ಹಲ್ಲಿ ಬೀಳಿಸಿರಬೇಕು ಎಂದುಕೊಂಡೆ. ಆ ಸವಾರನಿಗೆ ನರೆತ ಮೀಸೆ. ಮೇಷ್ಟ್ರು ತಮ್ಮ ಮೀಸೆಯನ್ನೇ ಬರೆದುಕೊಂಡಿದ್ದಾರೆ ಎಂದು ಆಗ ಕಂಡಿತು. ಅವನನ್ನು ಎಬ್ಬಿಸಿ, ಒರೆಸಿ, ನೆಟ್ಟಗೆ ನಿಲ್ಲಿಸಿದೆ. ಬೆನ್ನು ತಿರುಗಿಸಿ ನಿಲ್ಲಿಸುವುದಕ್ಕೆ ಆಟದಲ್ಲಿ ಅರ್ಥವಿದೆ ಎಂಬುದು ಆ ಹೊತ್ತಿಗೆ ಮರೆತೇಹೋಗಿತ್ತು; ತುಕಡಿಯನ್ನು ಉಳಿದವರ ಹಾಗೆ ಮುಂದಕ್ಕೆ ತಿರುಗಿಸಿ ಸಾಲು ಮಾಡಿದೆ. ಈಗ ಚೆನ್ನಾಗಿ ಕಾಣುತ್ತದೆ ಎನ್ನಿಸಿತು.

ಭಾನುವಾರ ಇಬ್ಬರೂ ಖಾಲಿ ಪೆಟ್ಟಿಗೆಗಳನ್ನು ಹಿಡಿದು ಬಂದರು. ಓಬಯ್ಯ ಮುಂದೆ, ಗೌಸ್ ಹಿಂದೆ, ಕಾಲೆಳೆಯುತ್ತ. ಕೋಣೆಯ ಒಳಗೆ ಕಾಲಿಟ್ಟ ಗೌಸ್ ಮೇಜಿನ ಎಡಗಡೆ ನೋಡಿದವನು ಅಲ್ಲೇ ನಿಂತುಬಿಟ್ಟ. ಅವನ ಕೈಯ ಪೆಟ್ಟಿಗೆ ಕೆಳಗೆ ಬಿತ್ತು.

“ಯಾ ಅಲ್ಲಾ” ಎಂದ. “ಮೇಷ್ಟ್ರನ್ನ ಯಾರು ಎಬ್ಸಿದ್ದು?”

“ನಾನೇ. ಬಿದ್ದಿತ್ತು, ನಿಲ್ಲಿಸಿದೆ. ಯಾಕೆ?”

ಗೌಸ್ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ. ದಪ್ಪ ಕೈಗಳ, ದೊಡ್ಡ ಗಂಟಲಿನ ಮನುಷ್ಯ. ಅವನು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಓಬಯ್ಯನೇ ಹೇಳಿದ. “ಅದು ಬಿದ್ದಿದ್ದಲ್ಲ ಅಕ್ಕ. ಸತ್ತಿದ್ದು. ಕೊನೇ ಭಾನುವಾರ ಮೇಷ್ಟ್ರ ತುಕಡಿ ಕೆಟ್ಟು ಓಡ್ತು. ಅವ್ರ ದಳವಾಯಿ ಅದ್ನ ಸುಧಾರ್ಸಾಕೆ ಅಂತ ಹೋಗಿ ನಿಂತ. ಗೌಸಣ್ಣನ ತೋಪಿನ ಗುಂಡು ಬಂತು. ದಳವಾಯಿ ಹೋದ.”

“ದಾಳ ಎಸ್ದಿದ್ದು ನಾನೇ ಭಾಭಿ” ಎಂದ ಗೌಸ್. “ಮೇಷ್ಟ್ರು ನಕ್ಕರು. ‘ಹೋಯ್ತಲ್ಲೋ ಗೌಸ್ ನನ್ನ ಪ್ರಾಣ’ ಅಂದು, ತಾವೇ ಅದ್ನ ಮಲಗ್ಸಿದ್ರು. ಇತ್ವಾರ ಅದು. ಬುಧವಾರಕ್ಕೆ…” ಅವನು ಮೆಟ್ಟಿಲ ಕಡೆ ಕೈ ತೋರಿಸಿದ. “ಅವತ್ತಿಂದ ಈ ಮೆಟ್ಲು ಹತ್ತಾಕೆ ನನಗೆ ಕಾಲೇ ಬರ್ಲಿಲ್ಲ ಭಾಭಿ. ಖುದಾ ಕಸಂ.”

ಇಷ್ಟು ತಿಂಗಳು ಅವನು ಮೆಟ್ಟಿಲಿಗೆ ಬೆನ್ನು ಮಾಡಿ ಕೂತದ್ದು ಇದಕ್ಕೆ. ನನ್ನ ದುಃಖವನ್ನೇ ನಾನು ಕಟ್ಟಿಕೊಂಡು ಕೂತಿದ್ದೆ. ಎದುರಿಗೆ ಇನ್ನೊಂದು ತುಕಡಿ ಕೆಟ್ಟು ನಿಂತಿದ್ದು ಕಾಣಲಿಲ್ಲ. “ಗೌಸಣ್ಣ, ಆಟದ ದಾಳಕ್ಕೆ ಯಾರೂ ಸಾಯಲ್ಲ. ನೀನು ಹಿಂಗಂದಿದ್ದು ಮೇಷ್ಟ್ರು ಕೇಳಿದ್ರೆ ನಿನಗೆ ಚೆನ್ನಾಗಿ ಬೈತಿದ್ರು” ಎಂದೆ. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ.

ಓಬಯ್ಯ ಮೆಲ್ಲಗೆ, “ಹೋಗ್ಲಿ ಬಿಡು ಅಕ್ಕ. ಎದ್ದು ನಿಂತವ್ರೆ. ಹಂಗೇ ನಿಂತಿರ್ಲಿ. ಯಾರು ಬಂದು ಕೇಳ್ತಾರೆ?” ಎಂದ. ಗೌಸ್ ಕಣ್ಣೊರೆಸಿಕೊಂಡು, “ಹೌದು ಭಾಭಿ, ನಂಗೂ ಏನೂ ತಕರಾರಿಲ್ಲ. ನನ್ನ ಗುಂಡು ತಪ್ಪಿಹೋಯ್ತು ಅಂತಾನೇ ಇಟ್ಕಳಾಣ” ಎಂದ.

ನರೆತ ಮೀಸೆಯ ಸವಾರ ಕುದುರೆಯ ಮೇಲೆ ಠೀವಿಯಿಂದ ಕೂತಿದ್ದ. ಹಾಗೇ ಬಿಡಬೇಕೆಂದು ನನಗೆಷ್ಟು ಆಸೆಯಾಯಿತು ಎಂದರೆ ನೀವು ನಂಬುವುದಿಲ್ಲ. ಒಂದು ಬೆರಳು ಅಲ್ಲಾಡಿಸದಿದ್ದರೆ ಸಾಕು, ಅವನು ಬದುಕಿರುತ್ತಾನೆ. ಆದರೆ ಹೊಟ್ಟೆಪಾಡಿಗೆ ಇತಿಹಾಸ ಹೇಳುವವಳು ನಾನು. ಆದದ್ದನ್ನು ಆಗಿಲ್ಲ ಎಂದು ಬರೆಸಿದವಳಲ್ಲ. ಅದೂ ಅಲ್ಲದೆ ಆ ದಳವಾಯಿಯನ್ನು ಮಲಗಿಸಿದವರು ಸ್ವತಃ ಮೇಷ್ಟ್ರು, ನಗುತ್ತ. ಅವರು ಮಾಡಿದ್ದನ್ನು ನಾನು ಒರೆಸಿ ಸರಿಮಾಡುವುದು ಹೇಗೆ? ಸವಾರನನ್ನು ಎರಡು ಬೆರಳಲ್ಲಿ ಹಿಡಿದು ಹುಲ್ಲಿನ ಮೇಲೆ ಮಲಗಿಸಿದೆ. ಆಮೇಲೆ ಆ ತುಕಡಿಯವರನ್ನು ಒಬ್ಬೊಬ್ಬರನ್ನಾಗಿ ಮತ್ತೆ ಗೋಡೆಯ ಕಡೆ ತಿರುಗಿಸಿದೆ. ಅವರ ಬೆನ್ನಿನ ಪಟ್ಟಿಗಳಿಗೂ ಮೇಷ್ಟ್ರು ಎಷ್ಟು ಜತನದಿಂದ ಬಣ್ಣ ಹಚ್ಚಿದ್ದರು! ಅಷ್ಟು ತಿಂಗಳಲ್ಲಿ ಅವರು ಹೋದರು ಎಂಬುದು ನನ್ನ ಕೈಗೆ ಗೊತ್ತಾಗಿದ್ದು ಆಗಲೇ.

ಕುರ್ಚಿ ಎಳೆದುಕೊಂಡು ಕೂತೆ. “ಈಗ ರೂಲು ಏನು ಹೇಳುತ್ತೆ?” ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ರೂಲಿನ ಮಾತು ಬಂದರೆ ಗೌಸ್ ಯಾವ ದುಃಖದಲ್ಲಿದ್ದರೂ ಎದ್ದು ಕೂರುವವನು. “ದಳವಾಯಿ ಬಿದ್ದ ಸರದಿ ಆ ದಳದಾಗೆ ಯಾರೂ ಸುಧಾರ್ಸ್ಕಳಂಗಿಲ್ಲ. ಆ ಸರದಿ ಖಾಲಿ. ಅದು ಅವತ್ತೇ ಹೋಯ್ತು. ಮುಂದಿನ ಸರದಿಗೆ ಬದ್ಲಿ ದಳವಾಯಿ ಬರ್ಬೋದು. ಬದ್ಲಿಯವನಿಗೆ ಹೆಚ್ಚಿನ ಅಂಕ ಇಲ್ಲ. ಬರೀ ದಾಳ. ಐದು ಬಿದ್ರೆ ಉಳ್ಕತಾರೆ. ಇಲ್ಲಾಂದ್ರೆ ಇನ್ನೊಂದು ಗೇಣು ಹಿಂದಕ್ಕೋಗ್ತಾರೆ.”

ಮೇಜಿನ ಅಂಚಿಗೆ ಎರಡು ಗೇಣು ಉಳಿದಿರಲಿಲ್ಲ. ಅಂಚು ದಾಟಿದ ತುಕಡಿ ಮತ್ತೆ ಬರುವುದಿಲ್ಲ, ಅದನ್ನು ಮೇಷ್ಟ್ರು ನನಗೆ ಎಂದೋ ಹೇಳಿದ್ದರು.

“ಆ ಬದಲಿ ನಾನಾಗಬಹುದಾ?”

ಗೌಸ್ ದಾಳವನ್ನು ನನ್ನ ಅಂಗೈಯಲ್ಲಿಟ್ಟ. ಓಬಯ್ಯ ಒಂದು ಸಣ್ಣ ಸವಾರನನ್ನು ಹುಡುಕಿ ತುಕಡಿಯ ಪಕ್ಕ ನಿಲ್ಲಿಸಿದ. ಅವನಿಗಿನ್ನೂ ಬಣ್ಣ ಹಚ್ಚಿರಲಿಲ್ಲ, ಬರೀ ಸೀಸ. ನನಗೆ ಒಪ್ಪುವಂತೆಯೇ ಇದ್ದ. ಎಸೆದೆ. ಮೂರು.

“ಇಲ್ಲ” ಎಂದ ಗೌಸ್. ಮೂರನ್ನು ಐದು ಎನ್ನಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಬಹಳ ಗೌರವ. ತುಕಡಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಕೊನೆಯ ಸಾಲಿನವರ ಕಾಲ್ಬೆರಳು ಮೇಜಿನ ಅಂಚಿಗೆ ಬಂತು. ಸೀಸದ ಗೊಂಬೆಗಳಪ್ಪಾ! ಕರಗಿಸಿದರೆ ಒಂದು ಲಾರಿಯ ಚಕ್ರಕ್ಕೆ ಆಗುವಷ್ಟು. ಅವು ಬೀಳುತ್ತವೆ ಎಂದು ನಾನು ಸೆರಗು ಹಿಡಿದು ಬಗ್ಗಿಬಿಟ್ಟಿದ್ದೆ.

ಆಗ ಓಬಯ್ಯ ಎದ್ದ. ಮೇಜಿನ ಇನ್ನೊಂದು ತುದಿಯಲ್ಲಿ, ಕುದಾಪುರದ ಹುಲ್ಲಿನ ಗುಡ್ಡದ ನೆತ್ತಿಯ ಮೇಲೆ, ಅವನು ಆಡಿಸುತ್ತಿದ್ದ, ಮೇಷ್ಟ್ರ ದಳಕ್ಕೂ ಮೇಲಿನವನಾದ ಸೇನಾಪತಿ ನಿಂತಿದ್ದ. ಗುಡ್ಡ ಹಿಡಿಯಲು ಓಬಯ್ಯ ಎಷ್ಟು ಭಾನುವಾರ ಒದ್ದಾಡಿದ್ದನೋ. ಇನ್ನು ಅದನ್ನು ಉಳಿಸಿಕೊಂಡರೆ ಗೆಲುವು ಮೇಷ್ಟ್ರ ಕಡೆಯವರದೇ. ಓಬಯ್ಯ ಆ ಸೇನಾಪತಿಯನ್ನು ಎತ್ತಿಕೊಂಡು ಮೇಜಿನ ಉದ್ದಕ್ಕೂ ಸರಿಸುತ್ತ ಬಂದ.

“ಲೇ ಓಬಯ್ಯ, ಏನ್ಲೇ ಮಾಡ್ತಿದ್ದೀಯಾ?” ಎಂದ ಗೌಸ್. “ಗುಡ್ಡ ಬಿಟ್ರೆ ನಾನು ಸುಮ್ನೆ ಕೂರಲ್ಲ. ಮೊದ್ಲೇ ಹೇಳ್ತೀನಿ.”

“ತಗಾ ಮಾರಾಯ, ಗುಡ್ಡ ನೀನೇ ತಗಾ” ಎಂದ ಓಬಯ್ಯ. “ಅಲ್ಲಿ ನಂದೇನೈತೆ?” ಸೇನಾಪತಿಯನ್ನು ತಂದು ಬೆನ್ನು ತಿರುಗಿಸಿದ ತುಕಡಿಗೆ ತಾಗಿಸಿ ನಿಲ್ಲಿಸಿದ. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಹೆಂಡತಿಯೇ ಇರಬೇಕು. ಅವನು ತೆಗೆಯಲಿಲ್ಲ.

ಗೌಸ್ ತನ್ನ ಸರದಿಯಲ್ಲಿ, ಹೇಳಿದ ಮಾತಿಗೆ ತಪ್ಪದೆ, ಗುಡ್ಡ ತೆಗೆದುಕೊಂಡ. ಅಪ್ಪಣೆ ಕೊಡುವವರಿಲ್ಲದೆ ಓಬಯ್ಯನ ಸಾಲುಗಳು ನಿಂತಲ್ಲೇ ಪೆಟ್ಟು ತಿಂದವು. ನಾನು ಅದನ್ನೆಲ್ಲ ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದುದು ಮೊಳಕಾಲ್ಮೂರಿನ ಬಸ್ಸನ್ನು, ಅರ್ಧ ನೇಯ್ದ ಸೀರೆ ಹೊತ್ತು ನಿಂತ ಮಗ್ಗವನ್ನು, ಕಿಟಕಿಯ ಪಕ್ಕದ ಕುರ್ಚಿಯನ್ನು. ನನ್ನ ನೀರು ಟೀ ಕುಡಿಯಲು ಅವನು ಬರುತ್ತಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದೆನಲ್ಲ ನಾನು! ನಾಚಿಕೆಯಾಯಿತು, ಸಮಾಧಾನವೂ ಆಯಿತು, ಎರಡೂ ಒಟ್ಟಿಗೆ ಕಣ್ಣಿಗೆ ಬಂದವು.

“ಈಗ ಎಸಿ ಅಕ್ಕ” ಎಂದ ಓಬಯ್ಯ.

ಎಸೆದೆ. ದಾಳ ಉರುಳಿ, ಒಣಹುಲ್ಲಿಗೆ ತಗುಲಿ, ನಿಂತಿತು. ಅದೇ ಮೂರು.

ನಾನು ಕಣ್ಣು ಮುಚ್ಚಿಕೊಂಡೆ. “ಮೂರು, ಸೇನಾಪತಿದು ಎರಡು” ಎಂದು ಗೌಸ್ ಮೆಲ್ಲಗೆ ಎಣಿಸುವುದು ಕೇಳಿಸಿತು. “ಐದು. ಉಳ್ಕಂಡ್ರು ಭಾಭಿ.” ನನ್ನ ಕೈ ಹೆಚ್ಚೇನೂ ಮಾಡಿರಲಿಲ್ಲ. ಮೊದಲ ಸಲ ಬಿದ್ದಷ್ಟೇ ಬಿದ್ದಿತ್ತು.

ತುಕಡಿಯನ್ನು ನಾನೇ ತಿರುಗಿಸಿ ನಿಲ್ಲಿಸಿದೆ, ಈ ಸಲ ನ್ಯಾಯವಾಗಿ. ಓಬಯ್ಯ ಅದರ ಪಕ್ಕ ಅಂಗಿಯ ಒಂದು ಕರಿ ಗುಂಡಿ ಇಟ್ಟ. ಯಾಕೆಂದು ಕೇಳಿದೆ. ಒಮ್ಮೆ ಕೆಟ್ಟು ಓಡಿದ ತುಕಡಿ ಸುಧಾರಿಸಿಕೊಂಡರೂ ಮೊದಲಿನಂತಾಗುವುದಿಲ್ಲವಂತೆ, ಅದಕ್ಕೆ ಗುರುತು. “ಶತ್ರು ಮೇಲೆ ಏರಿ ಹೋಗಂಗಿಲ್ಲ ಅಕ್ಕ. ನಿಂತ ಜಾಗ ಕಾಯ್ಕಂಡು ಇರ್ಬೋದು, ಅಷ್ಟೇ.”

“ಎಷ್ಟು ಹೊತ್ತು?”

“ಆಟ ಮುಗಿಯಾವರ್ಗೂ.”

ಅಷ್ಟು ಸಾಕು ಎನ್ನಿಸಿತು. ಏರಿ ಹೋಗುವ ಉಮೇದು ನನಗಂತೂ ಯಾವ ಕಾಲಕ್ಕೂ ಇರಲಿಲ್ಲ.

ಯುದ್ಧ ಅಂದೇ ಮುಗಿಯಿತು. ನೆಪೋಲಿಯನ್ನನ ಕಡೆಯವರು ಸೋತರು. ಗುಡ್ಡ ಬಿಟ್ಟ ಮೇಲೆ ಸೋಲದೆ ಇರುತ್ತಾರೆಯೇ? ಗೆದ್ದ ಗೌಸ್ ಸೋತವನಿಗಿಂತ ಸಪ್ಪಗಿದ್ದ. ಪೆಟ್ಟಿಗೆಗಳ ಮಾತನ್ನು ಯಾರೂ ಎತ್ತಲಿಲ್ಲ. ಮೂವರೂ ಮೆಟ್ಟಿಲಿಳಿದು ಬಂದೆವು. ಓಬಯ್ಯ ಚಪ್ಪಲಿ ಮೆಟ್ಟುತ್ತ ಹೆಂಡತಿಗೆ ಫೋನು ಹಚ್ಚಿ “ವಸ್ತಾನೇ” ಎಂದ. ಗೌಸ್ ಬಾಗಿಲ ಹತ್ತಿರ ನಿಂತು, ಪ್ರತಿ ವಾರ ಕೇಳುವ ಹಾಗೆ, ಉತ್ತರಕ್ಕೆ ಕಾಯದವನ ಹಾಗೆ ಕೇಳಿದ.

“ಊಟ ಆಯ್ತಾ ಭಾಭಿ?”

“ಇಲ್ಲ ಗೌಸಣ್ಣ” ಎಂದೆ. “ಅವರು ಹೋದಾಗಿಂದ ಸರಿಯಾಗಿ ಉಂಡೇ ಇಲ್ಲ.”

ಇಬ್ಬರೂ ಪೆಚ್ಚಾಗಿ ನಿಂತರು. ಆ ಪ್ರಶ್ನೆಗೆ ಇಂಥ ಉತ್ತರವೂ ಇರಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಗೌಸ್ “ಟೊಮ್ಯಾಟೊ ಐತಾ ಮನ್ಯಾಗೆ?” ಎನ್ನುತ್ತ ಅಂಗಡಿಯ ಕಡೆ ಹೊರಟೇಬಿಟ್ಟ. ಓಬಯ್ಯ ಚಪ್ಪಲಿ ಬಿಚ್ಚಿ ಒಳಗೆ ಬಂದು, ಈರುಳ್ಳಿ ಎಲ್ಲಿದೆ ಎಂದು ಹುಡುಕತೊಡಗಿದ. ನಾನು ಒಲೆ ಹಚ್ಚಿ ಅಕ್ಕಿಯ ಡಬ್ಬಿ ತೆಗೆದೆ. ಅಳೆದು ಹಾಕಿ, ತೊಳೆದು, ನೀರು ಹೊಯ್ಯುವಾಗ ಗೊತ್ತಾಯಿತು: ಕೈ ಹಳೆಯ ಭಾನುವಾರದ ಲೆಕ್ಕದಲ್ಲೇ ನಾಲ್ಕು ಜನಕ್ಕೆ ಹಾಕಿಬಿಟ್ಟಿದೆ. ತೆಗೆಯಲಿಲ್ಲ. ಉಳಿದರೆ ನಾಳೆ ಬೆಳಿಗ್ಗೆ ಚಿತ್ರಾನ್ನ ಮಾಡಿದರಾಯಿತು.